ಫೋಟೋಗೆಂದು ಬಿಚ್ಚಿಸಿದ್ದು

"ಹಲೋ… ಹಲೋ, ಯಾರ್ ಮಾತಾಡ್ತಿರೋದು? … ಯಾರು? … ಸ್ವಲ್ಪ ಜೋರಾಗಿ ಹೇಳಿ, ಕೈಯೆಲ್ಲ ಹುಣಸೆಹಣ್ಣು, ಫೋನ್ ಭುಜಕ್ಕೆ ಒತ್ಕೊಂಡಿದ್ದೀನಿ…"

ಮಹಾನವಮಿ ಹತ್ತಿರ ಬಂದಿತ್ತು. ಗೋಪಾಲಮ್ಮ ಟೀಚರ್ ಕೊಡಿಗೇಹಳ್ಳಿಯ ತಮ್ಮ ಮನೆಯ ಹಿತ್ತಲಲ್ಲಿ ಹಿತ್ತಾಳೆ ದೀಪಗಳನ್ನು ಗುಡ್ಡೆ ಹಾಕಿಕೊಂಡು ತಿಕ್ಕುತ್ತಾ ಕೂತಿದ್ದರು. ದಸರಾ ರಜೆಯಲ್ಲಿ ಸರ್ಕಾರಿ ಶಾಲೆಯ ಟೀಚರಿಗೆ ಫೋನ್ ಬಂತೆಂದರೆ ಒಂದೋ ಗಣತಿ ಕೆಲಸ, ಇಲ್ಲವೇ ಹೆಡ್‌ಮಿಸ್. ಇದು ಎರಡೂ ಆಗಿರಲಿಲ್ಲ.

"ಓ, ರಾಣಿ ಮೇಡಮ್ಮಾ… ಹಾಂ ಹಾಂ, ಹೇಳಿ ಮೇಡಂ. ಬೇರೆ ನಂಬರ್ ಬಂತಲ್ಲ, ಗೊತ್ತಾಗ್ಲಿಲ್ಲ… ರಜೇಲೂ ಓಡಾಟನಾ ನಿಮಗೆ? … ಎಲ್ಲಿದ್ದೀರ ಈಗ? … ಹರ್ಷಿತಾ ಮನೇಲಾ…"

ತಿಕ್ಕುತ್ತಿದ್ದ ಕೈ ನಿಂತಿತು. ರಾಣಿ ಮೇಡಂ ಆ ಕಡೆಯ ಸರ್ಕಾರಿ ಶಾಲೆಗಳನ್ನು ಸುತ್ತುವ ವಿಶೇಷ ಶಿಕ್ಷಕಿ. ಕಣ್ಣು ಕಾಣದ, ಕಿವಿ ಕೇಳದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಎಲ್ಲರ ಜೊತೆ ಅದೇ ಕ್ಲಾಸಿನಲ್ಲಿ ಕೂತು ಕಲಿಯುವಂತೆ ಮಾಡುವುದು ಅವರ ಕೆಲಸ. ಪ್ರತಿ ಗುರುವಾರ ಹೆಬ್ಬಾಳದಿಂದ ಬಸ್ಸು ಹತ್ತಿ ಬ್ಯಾಟರಾಯನಪುರದ ಶಾಲೆಗೆ ಬರುತ್ತಿದ್ದರು. ಅಲ್ಲಿ ಗೋಪಾಲಮ್ಮನವರ ಐದನೇ ಕ್ಲಾಸಿನಲ್ಲಿ ಹರ್ಷಿತಾ ಇದ್ದಳು. ಕಿವಿಗೆ ಮಿಷನ್ ಹಾಕಿದರೆ ಮಾತು ಕೇಳುತ್ತಿತ್ತು, ತೆಗೆದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ.

"ಮಿಷನ್ನಿಗೆ ಹೊಸ ಕಿವಿ ಅಚ್ಚು ತಂದ್ರಾ, ಕಿವಿಯೊಳಗೆ ಕೂರೋದು… ಒಳ್ಳೇದಾಯ್ತು ಮೇಡಂ, ಹಳೇದು ಸಡಿಲ ಆಗಿ ಕುಂಯ್ ಅಂತಿತ್ತು… ಏನಂದ್ರಿ? … ಮಿಷನ್ನೇ ಇಲ್ವಾ? … ಕಳ್ದುಹೋಯ್ತಂತಾ… ಅಜ್ಜಿ ಹಂಗಂದ್ರಾ…"

ಮಿಷನ್ ಕಳೆದಿರಲಿಲ್ಲ. ಅದು ಈ ಮನೆಯ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇತ್ತು. ಎದೆಗೆ ತೂಗುಹಾಕುವ ಪುಟ್ಟ ಡಬ್ಬಿ, ಅದರಿಂದ ಎರಡು ಕಿವಿಗೂ ಹೋಗುವ ವೈರು, ಡಬ್ಬಿಗೆ ರಾಣಿ ಮೇಡಂ ಯೂನಿಫಾರ್ಮ್ ಬಟ್ಟೆಯಲ್ಲೇ ಹೊಲಿದುಕೊಟ್ಟ ನೀಲಿ ಚೀಲ. ರಜೆ ಶುರುವಾದಾಗಿನಿಂದ ಗೋಪಾಲಮ್ಮ ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ದೇವರಿಗೂ ಅದಕ್ಕೂ ಒಟ್ಟಿಗೇ ಮುಖ ತೋರಿಸಬೇಕಾಗಿತ್ತು.

"ಕೊನೇ ದಿನ ಹಾಕ್ಕೊಂಡಿದ್ಳಾ ಅಂತಾನಾ… ಹಾಕ್ಕೊಂಡಿದ್ಳು… ಹಾಕ್ಕೊಂಡಿದ್ಳೇನೋ ಮೇಡಂ. ಅವತ್ತು ಗ್ರೂಪ್ ಫೋಟೋ ಅಲ್ವಾ, ಆ ಫೋಟೋ ತೆಗೆಯೋ ಲಕ್ಕಣ್ಣ ಬೆಂಚು ಹಾಕ್ಸೋದೇನು, ಮಕ್ಕಳು ಒಬ್ರ ಮೇಲೊಬ್ರು ಬೀಳೋದೇನು… ನಂಗೆ ಗಮನ ಇಲ್ಲ… ಸ್ಕೂಲ್ ತೆಗೀಲಿ ಬಿಡಿ, ಹುಡುಕ್ಸ್ತೀನಿ. ಕಿಟಕಿ ಮೇಲೋ ಬೀರು ಹಿಂದೋ ಸಿಕ್ಕೇ ಸಿಗತ್ತೆ…"

ಗೋಪಾಲಮ್ಮನವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹಾಗಾಗಿ ಅದು ಚೆನ್ನಾಗಿ ಬರುತ್ತಲೂ ಇರಲಿಲ್ಲ. ಯಾವ ಕಿಟಕಿಯ ಮೇಲೆ ಸಿಗಬೇಕು ಎಂಬುದನ್ನು ಮಾತ್ರ ಅವರು ಮೊದಲೇ ಯೋಚಿಸಿಟ್ಟಿದ್ದರು. ಶಾಲೆ ತೆಗೆದ ದಿನ ಎಲ್ಲರಿಗಿಂತ ಮುಂಚೆ ಹೋಗಿ ಇಟ್ಟುಬಿಟ್ಟರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡಿದ್ದರು.

"ಏನು, ಮೋರೀಲಾ? … ಯಾರು ಮೋರೀಲಿ ಹುಡುಕಿದ್ದು? … ಅವಳೇನಾ… ಕೋಲ್ ಹಿಡ್ಕೊಂಡು… ಸ್ಕೂಲ್ ಗೇಟಿಂದ ಮನೇವರ್ಗೂನಾ? ಅಜ್ಜೀನೂ ಜೊತೇಲಾ… ಮೇಡಂ, ಅಜ್ಜಿ ಹೊಡೆದ್ರಾ ಅವಳ್ಗೆ? … ನಿಜ ಹೇಳಿ… ಒಂದೇಟಾ…"

ಹರ್ಷಿತಾಳ ಅಜ್ಜಿ ಮುನಿಕೃಷ್ಣಮ್ಮ ಬಾಯಿ ಜೋರಿನ ಹೆಂಗಸು. ಆದರೆ ತಾಯಿಯಿಲ್ಲದ ಮೊಮ್ಮಗಳ ಮೇಲೆ ಕೈಯೆತ್ತಿದವಳಲ್ಲ. ಗೋಪಾಲಮ್ಮ ಕೈಯಲ್ಲಿದ್ದ ದೀಪವನ್ನು ನೀರಿಗೆ ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಫೋನನ್ನು ಸರಿಯಾಗಿ ಹಿಡಿದುಕೊಂಡರು.

"ಮೇಡಂ… ಒಂದ್ ನಿಮಿಷ. ಹುಡುಕೋದು ನಿಲ್ಸಕ್ಕೆ ಹೇಳಿ ಅವರಿಗೆ… ಯಾಕಂದ್ರೆ ಅದು ಮೋರೀಲಿಲ್ಲ. ಕಿಟಕಿ ಮೇಲೂ ಇಲ್ಲ… ನನ್ ಹತ್ರ ಇದೆ… ಹೂಂ, ನನ್ ಮನೇಲಿ… ಹಲೋ… ಮೇಡಂ, ಇದ್ದೀರಾ…"

ಫೋನ್ ಕಟ್ಟಾಗಿರಲಿಲ್ಲ, ಹಿಂದೆ ಎಲ್ಲೋ ಕುಕ್ಕರ್ ಕೂಗುವುದು ಕೇಳುತ್ತಿತ್ತು.

"ಕದ್ದಿಲ್ಲ ಮೇಡಂ, ಏನಂತ ಮಾತಾಡ್ತೀರ… ಇಲ್ಲ, ನೀವಂದ್ರಿ ಅಂತಲ್ಲ, ನಾನೇ ಅಂದ್ಕೊಂಡೆ…"

"ಫೋಟೋಗೆ ಅಂತ ಬಿಚ್ಚಿಸ್ದೆ. ನಾನೇ ಬಿಚ್ಚಿಸಿದ್ದು… ಎದೆ ಮೇಲೆ ಡಬ್ಬಿ, ಆ ಕಡೆ ಈ ಕಡೆ ವೈರು. ಮುದ್ದಾಗಿರೋ ಮಗು, ಮುಂದಿನ ಸಾಲಲ್ಲಿ ನನ್ ಪಕ್ಕದಲ್ಲೇ ನಿಂತಿತ್ತು… 'ಬಿಚ್ಚು ಪುಟ್ಟಾ, ಚೆನ್ನಾಗಿ ಕಾಣ್ತೀಯ' ಅಂದೆ… ಅಷ್ಟೇ… ಅಷ್ಟೇ ಅಲ್ಲ, ಹೌದು. ಗೊತ್ತು ಮೇಡಂ… ಆಫೀಸ್ ರೂಮಲ್ಲಿ ಹಾಕೋ ಫೋಟೋ, ಬಂದೋರೆಲ್ಲ ನೋಡ್ತಾರೆ ಅಂತ… ಹೂಂ… ನೋಡ್ಲಿ ಅಂತ ತಾನೇ ನೀವು ಒದ್ದಾಡಿದ್ದು…"

ಒದ್ದಾಡಿದ್ದು ನಿಜ. ಮೊದಮೊದಲು ಹರ್ಷಿತಾ ಶಾಲೆಯ ಗೇಟು ದಾಟುತ್ತಲೇ ಮಿಷನ್ ಬಿಚ್ಚಿ ಬ್ಯಾಗಿನ ತಳಕ್ಕೆ ತುರುಕುತ್ತಿದ್ದಳು. ರಾಣಿ ಮೇಡಂ ಬೈಯಲಿಲ್ಲ. ಒಂದು ಗುರುವಾರ ಕ್ಲಾಸಿನ ಎಲ್ಲ ಮಕ್ಕಳ ಕಿವಿಗೂ ಒಂದೊಂದು ಸಲ ಅದನ್ನು ಹಿಡಿದು ಕೇಳಿಸಿದರು. ಇನ್ನೊಂದು ಗುರುವಾರ ಆ ನೀಲಿ ಚೀಲ ಹೊಲಿದು ತಂದರು. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬೇಡಿ, ಮಗು ನಿಮ್ಮ ಬಾಯಿ ನೋಡಬೇಕು ಎಂದು ಗೋಪಾಲಮ್ಮನವರಿಗೂ ಕಲಿಸಿದರು. ಬರಬರುತ್ತಾ ಹುಡುಗಿ ತಾನೇ ಮಿಷನ್ನನ್ನು ಯೂನಿಫಾರ್ಮಿನ ಮೇಲೆ ಎದ್ದು ಕಾಣುವಂತೆ ಹಾಕಿಕೊಂಡು ಬರತೊಡಗಿದಳು. "ನಮ್ಮ ಕ್ಲಾಸಲ್ಲಿ ನೋಡಿ" ಎಂದು ಹೆಡ್‌ಮಿಸ್ ಮುಂದೆ ಹೆಮ್ಮೆಪಟ್ಟವರು ಮಾತ್ರ ಗೋಪಾಲಮ್ಮ.

"ವಾಪಸ್ ಯಾಕ್ ಕೊಡ್ಲಿಲ್ಲ ಅಂದ್ರೆ… ಮರ್ತೆ ಮೇಡಂ. ಫೋಟೋ ಆದ್ಮೇಲೆ ಸ್ವೀಟ್ ಹಂಚಿದ್ರು, ಬೆಲ್ ಹೊಡೀತು, ಎಲ್ಲ ಓಡಿದ್ರು. ಮನೇಲಿ ಊಟದ ಡಬ್ಬಿ ತೊಳೆಯಕ್ಕೆ ತೆಗೆದ್ರೆ ನನ್ ಬ್ಯಾಗಲ್ಲಿ ಮಿಷನ್ ಕೂತಿದೆ… ಮಾರನೇ ದಿನ ಕೊಡ್ಬೋದಿತ್ತು, ಹೌದು. ಆಟೋ ಹತ್ತಿದ್ರೆ ಎಷ್ಟು ದೂರ… ಹೋಗಕ್ಕೆ ಮುಖ ಇರ್ಲಿಲ್ಲ. ಬಿಚ್ಚಿಸಿದ್ದ್ಯಾಕೆ ಟೀಚರೇ ಅಂತ ಮುನಿಕೃಷ್ಣಮ್ಮನೋರು ಕೇಳಿದ್ರೆ ಏನ್ ಹೇಳ್ಲಿ… ನೀವ್ ಕೇಳಿದ್ರೆ ಏನ್ ಹೇಳ್ಲಿ… ನಾಳೆ, ನಾಳೆ ಅಂತ…"

"ಅವಳಿಗ್ ಗೊತ್ತಿತ್ತಾ ಅಂದ್ರೆ? ಗೊತ್ತಿಲ್ದೆ ಏನು, ಅವಳೇ ಬಿಚ್ಚಿ ನನ್ ಕೈಗೆ ಕೊಟ್ಟಿದ್ದು…"

ಹೇಳಿ ಮುಗಿಸಿದ ಮೇಲೆ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು. ಮಿಷನ್ ಎಲ್ಲಿದೆ ಎಂದು ಗೊತ್ತಿದ್ದೂ ಆ ಹುಡುಗಿ ಅಜ್ಜಿಯ ಹಿಂದೆ ಮೋರಿ ಮೋರಿ ಕೆದಕಿದ್ದಳು.

"ಹಂಗಾದ್ರೆ ಅಜ್ಜಿಗ್ ಯಾಕೆ ಹೇಳ್ಲಿಲ್ಲ ಮೇಡಂ? … ಏಟು ತಿಂದೂ ಯಾಕ್ ಹೇಳ್ಲಿಲ್ಲ… ಕೇಳಿ ಸ್ವಲ್ಪ. ಎದುರಿಗೆ ಕೂತ್ಕೊಂಡು ನಿಧಾನಕ್ಕೆ ಕೇಳಿ, ತುಟಿ ನೋಡಿ ತಿಳ್ಕೊತಾಳೆ… ಅಯ್ಯೋ, ನಿಮಗ್ ಹೇಳ್ಕೊಡ್ತಿದ್ದೀನಲ್ಲ ನಾನು…"

ಕಾಯುವಾಗ ಗೋಪಾಲಮ್ಮನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆ ದಾಟಿ ದೇವರ ಗೂಡಿನ ಮುಂದೆ ಬಂದು ನಿಂತರು.

"ಹಾಂ, ಇದ್ದೀನಿ, ಹೇಳಿ… ಮಿಸ್ಸಿಗೆ ಬೈತಾರೆ ಅಂತಾ… ಅಜ್ಜಿ ಸ್ಕೂಲಿಗ್ ಬಂದು ನನ್ನ ಬೈತಾಳೆ ಅಂತ ಹೇಳ್ಲಿಲ್ವಂತಾ…"

ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಆ ಹೆಂಗಸಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ತಾವು ತಮ್ಮ ಮಾನ ಉಳಿಸಿಕೊಳ್ಳಲು ಕಿಟಕಿ ಹುಡುಕುತ್ತಿದ್ದಾಗ ಹತ್ತು ವರ್ಷದ ಹುಡುಗಿಯೂ ತಮ್ಮ ಮಾನವನ್ನೇ ಕಾಯುತ್ತಿದ್ದಳು.

"ಇನ್ನೇನಂದ್ಳು? … ಮುಚ್ಚಿಡ್ಬೇಡಿ ಮೇಡಂ, ಇನ್ನೇನೋ ಅಂದಿದ್ದಾಳೆ, ನಿಮ್ ದನೀಲೇ ಗೊತ್ತಾಗ್ತಿದೆ… ಬೇಡ್ವಂತಾ… ಸಿಕ್ಕಿದ್ರೂ ಬೇಡ್ವಂತಾ? … ಅದಿಲ್ದಿದ್ರೇನೇ ಚೆನ್ನಾಗಿ ಕಾಣೋದು ಅಂತ ಮಿಸ್ಸೇ ಹೇಳಿದ್ದಾರೆ ಅಂದ್ಳಾ…"

"ಹಂಗಲ್ಲ ಅಂತ ಹೇಳಿ ಮೇಡಂ… ನೀವ್ ಹೇಳಿದ್ರೆ ಕೇಳ್ತಾಳೆ… ಕೇಳ್ತಿಲ್ವಾ… ಹೊಸ ಅಚ್ಚು ತೋರ್ಸಿದ್ರೆ ಕಿವಿ ಮುಚ್ಕೊಂಡ್ಳಾ…"

ಎಷ್ಟೋ ಗುರುವಾರಗಳ ಕೆಲಸವನ್ನು ಒಂದೇ ಒಂದು ಮಾತು ಹಾಳು ಮಾಡಿತ್ತು. ಅದೂ ಪ್ರೀತಿಯಿಂದ, ಕೆನ್ನೆ ಸವರಿ ಹೇಳಿದ ಮಾತು. ಬೈದು ಹೇಳಿದ್ದರೆ ಹುಡುಗಿ ಮರೆತುಬಿಡುತ್ತಿದ್ದಳೋ ಏನೋ.

"ಫೋಟೋನಾ? … ಬಂದಿದೆ, ನೆನ್ನೆ ಲಕ್ಕಣ್ಣ ಕೊಟ್ಟು ಹೋದ… ಹೆಂಗ್ ಬಂದಿದ್ದೀನಿ ಅಂತ ಕೇಳ್ತಿದ್ದಾಳಾ? … ನಾನಿನ್ನೂ ನೋಡಿಲ್ಲ ಮೇಡಂ. ನೋಡಕ್ಕೆ ಮನಸ್ಸಾಗ್ಲಿಲ್ಲ… ಇರಿ, ಇಲ್ಲೇ ಇದೆ…"

ಕವರನ್ನೂ ಅವರು ಗೂಡಿನಲ್ಲೇ, ಮಿಷನ್ನಿನ ಕೆಳಗೆ ಇಟ್ಟಿದ್ದರು. ಎರಡನ್ನೂ ತೆಗೆದುಕೊಂಡು ನೆಲದ ಮೇಲೆ ಕೂತರು. ನೀಲಿ ಚೀಲವನ್ನು ಮಡಿಲಲ್ಲಿಟ್ಟು ಕವರು ಬಿಚ್ಚಿದರು. ಫೋಟೋ ಚೆನ್ನಾಗಿ ಬಂದಿತ್ತು. ಮೂರು ಸಾಲು ಮಕ್ಕಳು, ಮಧ್ಯೆ ಕುರ್ಚಿಯಲ್ಲಿ ರೇಷ್ಮೆ ಸೀರೆಯ ಗೋಪಾಲಮ್ಮ. ಎಲ್ಲ ಮಕ್ಕಳೂ ಮುಂದೆ ನೋಡುತ್ತಿದ್ದರು, ತುಂಟ ಹುಡುಗರೂ ಸಹ. ಹರ್ಷಿತಾ ಒಬ್ಬಳು ಮಾತ್ರ ಮುಂದೆ ನೋಡುತ್ತಿರಲಿಲ್ಲ.

"ಹಾಂ… ಬಂದಿದ್ದಾಳೆ. ಚೆನ್ನಾಗಿ ಬಂದಿದ್ದಾಳೆ ಅಂತ ಹೇಳಿ… ಬೇಡ, ಹೇಳ್ಬೇಡಿ. ಅವಳು ಕ್ಯಾಮರಾ ಕಡೆ ನೋಡೇ ಇಲ್ಲ ಮೇಡಂ. ಇಲ್ ನೋಡಿ ಇಲ್ ನೋಡಿ ಅಂತ ಲಕ್ಕಣ್ಣ ಕೂಗ್ದ, ನಂಗೂ ನೆನಪಿದೆ. ಅವನ ಮುಖ ಕ್ಯಾಮರಾ ಹಿಂದೆ ಅಲ್ವಾ, ಅವಳಿಗೆ ಬಾಯೆಲ್ಲಿ ಕಾಣತ್ತೆ… ಕತ್ತು ತಿರುಗಿಸ್ಕೊಂಡು ನನ್ ಮುಖ ನೋಡ್ತಿದ್ದಾಳೆ. ಏನ್ ಮಾಡ್ಬೇಕು ಮಿಸ್ ಅಂತ ನನ್ನ ಬಾಯಿ ನೋಡ್ತಿದ್ದಾಳೆ… ನಾನು ನೋಡಿದ್ರೆ ಎದುರಿಗೆ ನೋಡ್ಕೊಂಡು ನಗ್ತಾ ಕೂತಿದ್ದೀನಿ…"

ಅವರು ಅತ್ತದ್ದು ಆ ಕಡೆಗೆ ಕೇಳಿಸಿರಬೇಕು.

"ನಾನೇ ಹೇಳ್ಬೇಕಾ… ಹೌದು, ನಾನೇ ಹೇಳ್ಬೇಕು. ನೀವ್ ಹೇಳಿದ್ರೆ ಅವಳ ಮನಸ್ಸಿಂದ ಹೋಗಲ್ಲ ಅದು… ಬರ್ತೀನಿ ಮೇಡಂ, ಈಗ್ಲೇ ಹೊರಟೆ. ಮಿಷನ್ನೂ ತರ್ತೀನಿ, ಫೋಟೋನೂ ತರ್ತೀನಿ. ಮುನಿಕೃಷ್ಣಮ್ಮನೋರ ಎದುರಿಗೇ ಹೇಳ್ತೀನಿ, ಬೈದ್ರೆ ಬೈಲಿ… ಹಾಕ್ಕೊಳಲ್ಲ ಅಂದ್ರೆ? … ಹೂಂ, ಕೂತ್ಕೋತೀನಿ. ಇವತ್ ಆಗ್ದಿದ್ರೆ ನಾಳೆ ಬಂದು ಕೂತ್ಕೋತೀನಿ. ನೀವು ಕೂತಿರ್ಲಿಲ್ವಾ…"

"ಕರೆನ್ಸಿ ಮುಗೀತಾ ಬಂತಾ? ಹಂಗಾದ್ರೆ ಇಡಿ ಮೇಡಂ, ನಾನ್ ಹೊರಟೇಬಿಟ್ಟೆ… ಏನು? … ಅವಳೇ ಕಿತ್ಕೊಂಡ್ಳಾ ಫೋನು? … ಹಲೋ… ಹಲೋ…"

"ಪುಟ್ಟಾ… ಹೂಂ ಕಣಮ್ಮ, ನಾನೇ, ಮಿಸ್ಸು… ಫೋಟೋನಾ? … ಇದೆ, ನನ್ ಕೈಲೇ ಇದೆ… ಚೆನ್ನಾಗಿದ್ದೀಯಾ ಅಂತಾನಾ…"

ಒಡೆದ ಅಕ್ಷರಗಳಲ್ಲಿ, ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಗೊತ್ತಿಲ್ಲದ ಆ ದನಿ, ಚೆನ್ನಾಗಿ ಬಂದಿದ್ದೀನಾ ಮಿಸ್ ಎಂದು ಕೇಳುತ್ತಿತ್ತು.

"ಮಿಸ್ ಹೇಳಿದ್ದು ತಪ್ಪು ಕಣಮ್ಮ. ತಪ್ಪಾಯ್ತು ನಂದು. ಮಿಷನ್ ಹಾಕ್ಕೊಂಡೇ ಚೆನ್ನಾಗಿರ್ತೀಯ ನೀನು. ಅದನ್ನ ಹಾಕ್ಕೊಂಡೇ ಇನ್ನೊಂದ್ ಫೋಟೋ ತೆಗೆಸೋಣ, ನೀನು ನಾನು ರಾಣಿ ಮೇಡಂ… ಆಯ್ತಾ? … ಮತ್ತೆ ಅದನ್ನೇ ಕೇಳ್ತಿದ್ದೀಯಲ್ಲ ಪುಟ್ಟಾ… ಹೇಳಿದ್ನಲ್ಲ ಈಗ… ಕೇಳಿಸ್ತಾ ನಾನ್ ಹೇಳಿದ್ದು? …"

ಹುಡುಗಿ ತಾಳ್ಮೆಯಿಂದ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು. ಉತ್ತರಕ್ಕೆ ಕಾದಳು.

"ಹರ್ಷಿತಾ, ಕೇಳಿಸ್ತಾ ಇದ್ಯಾ ಕಂದಾ… ಹಲೋ… ಕೇಳಿಸ್ತಾ…"

ಕೇಳಿಸಬೇಕಾದ ಮಿಷನ್ ಗೋಪಾಲಮ್ಮನವರ ಮಡಿಲಲ್ಲೇ ಇತ್ತು. ಅದರ ವೈರು ಅವರ ಬೆರಳಿಗೆ ಸುತ್ತಿಕೊಂಡಿತ್ತು. ಅವರು ಚಪ್ಪಲಿಗಾಗಿ ಎದ್ದು ನಿಲ್ಲುವಷ್ಟರಲ್ಲಿ ಆ ದನಿ ಇನ್ನೊಂದು ಸಲ ಮಿಸ್ ಎಂದಿತು, ಲೈನ್ ಕಟ್ಟಾಯಿತು.