ಬಾಯೊಳಗೊಂದು ರಸ್ಕ್

ಒಂದು ಪೇಟೆಯಲ್ಲಿ ಒಬ್ಬಳು ಭಾರೀ ಶ್ರೀಮಂತೆ ಇದ್ದಳು, ತಾಯಂದಿರೇ. ಬಂಗಾರದಲ್ಲಿ ಅಲ್ಲ, ಮಾತಿನಲ್ಲಿ. ಹೆಸರು ಕೊಟ್ರಮ್ಮ. ಅವಳು ಒಂದು ದಿನಕ್ಕೆ ಆಡಿದ ಮಾತನ್ನೆಲ್ಲ ಕಲ್ಲು ಮಾಡಿ ಜೋಡಿಸಿದ್ದರೆ ಚಿತ್ರದುರ್ಗದ ಕೋಟೆಗೆ ಇನ್ನೊಂದು ಸುತ್ತು ಏಳುತ್ತಿತ್ತು. ಅವಳು ಫೋನು ಹಿಡಿದರೆ ಊರಾಚೆಯ ಟವರ್ ಬೆವರುತ್ತಿತ್ತು. ನಗಬೇಡಿ. ನಿಮ್ಮಲ್ಲಿ ಅರ್ಧ ಜನಕ್ಕೆ ಅವಳು ಹತ್ತಿರದ ಸಂಬಂಧಿ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ.

ಇಂಥವಳಿಗೆ ಒಬ್ಬಳೇ ಮಗಳು, ಸಿಂಚನಾ. ಇಪ್ಪತ್ತು ತುಂಬಿದ ಹುಡುಗಿ. ಅವಳಿಗೆ ಆಟಿಸಂ ಇದೆ ಅಂತ ಡಾಕ್ಟರು ಚಿಕ್ಕಂದಿನಲ್ಲೇ ಹೇಳಿದ್ದರು. ಹಾಗಂದರೆ ಏನು? ಹುಡುಗಿಗೆ ಏನೂ ತಿಳಿಯುವುದಿಲ್ಲ ಅಂತಲಾ? ಅಲ್ಲ. ಜೋರು ಸದ್ದು ಅವಳ ಕಿವಿಗೆ ಸೂಜಿಯಂತೆ ಚುಚ್ಚುತ್ತದೆ. ದಿನದ ಕೆಲಸ ಹಿಂದುಮುಂದಾದರೆ ಗಾಬರಿಯಾಗುತ್ತದೆ. ಮತ್ತೆ, ಏನಾದರೂ ಕೇಳಿದರೆ ಉತ್ತರ ಒಳಗಿನಿಂದ ಹೊರಟು ನಾಲಿಗೆಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಸ್ವಲ್ಪ ಹೊತ್ತು ಇದೆಯಲ್ಲ, ಅಷ್ಟರೊಳಗೆ ಕೊಟ್ರಮ್ಮ ಮೂರು ಊರಿನ ಸುದ್ದಿ ಹೇಳಿ ಮುಗಿಸುತ್ತಿದ್ದಳು.

"ಏನವ್ವ ಸಿಂಚನಾ, ಊಟ ಆತಾ?" ಅಂತ ಪಕ್ಕದ ಮನೆಯವರು ಕೇಳುತ್ತಿದ್ದರು.

"ಆತ್ರಿ, ಈಗ ಉಂಡ್ಲು," ಅಂತ ತಾಯಿ.

"ಯಾವ ಬಳೆ ಬೇಕವ್ವ?" ಅಂತ ಬಳೆ ಅಂಗಡಿಯವನು.

"ಹಸಿರು ಕೊಡಪ್ಪ," ಅಂತ ತಾಯಿ.

ಕೊಟ್ರಮ್ಮನದು ಕೆಟ್ಟ ಮನಸ್ಸಲ್ಲ, ನೋಡಿ. ಮಗಳು ತಡಮಾಡಿದರೆ ಎದುರಿನವರು ನಕ್ಕುಬಿಟ್ಟಾರು ಅನ್ನುವ ಹೆದರಿಕೆ. ಆ ಹೆದರಿಕೆಯಲ್ಲೇ ಮಗಳ ಪಾಲಿನ ಮಾತನ್ನೆಲ್ಲ ತಾನೇ ಆಡಿ ಆಡಿ, ಮಗಳಿಗೆ ಒಂದು 'ಹೂಂ' ಕೂಡ ಉಳಿಸಿರಲಿಲ್ಲ.

ಹುಡುಗಿಯ ಶಾಲೆ ಮುಗಿಯಿತು. ಮುಂದೇನು? ನೆಂಟರಿಗೆ ಒಂದೇ ಔಷಧಿ ಗೊತ್ತು. "ಒಂದು ಗಂಡು ನೋಡಿ ಕಟ್ಟಿಬಿಡು ಕೊಟ್ರಮ್ಮ, ಎಲ್ಲಾ ಸರಿಹೋಗ್ತದೆ" ಅಂದರು.

"ಗಂಡು ಅಂದ್ರೆ ಗುಳಿಗೇನ್ರಿ, ದಿನಾ ಎರಡು ಹೊತ್ತು ನುಂಗಿಸೋಕೆ?" ಅಂದಳು ಕೊಟ್ರಮ್ಮ. ಈ ಒಂದು ಮಾತಿಗೆ ಅವಳಿಗೆ ಶಾಲು ಹೊದಿಸಬೇಕು.

ಆದರೆ ರಾತ್ರಿ ಮಲಗಿದರೆ ಅವಳಿಗೆ ನಿದ್ದೆಯಿಲ್ಲ. ತಾನು ಇರುವ ತನಕ ಸರಿ, ಆಮೇಲೆ ಈ ಹುಡುಗಿಗೆ ಯಾರು? ಆಗ ಶಾಲೆಯವರೇ ಇಂಥ ಮಕ್ಕಳಿಗೆ ಕೆಲಸ ಕಲಿಸುವ ಒಂದು ತರಬೇತಿ ಕೇಂದ್ರದ ದಾರಿ ತೋರಿಸಿದರು. ತಾಯಿ ಮಗಳು ಹೋಗಿ ನೋಡುತ್ತಾರೆ, ಅದೊಂದು ಬೇರೆ ಲೋಕ. ಮೀಸೆ ಬಂದ ಹುಡುಗರು, ಲಂಗ ದಾವಣಿಯ ವಯಸ್ಸು ದಾಟಿದ ಹುಡುಗಿಯರು. ಒಬ್ಬ ಕಂಪ್ಯೂಟರ್ ಕಲಿಯುತ್ತಿದ್ದಾನೆ. ಒಬ್ಬಳು ಸಸಿಗೆ ಮಣ್ಣು ತುಂಬುತ್ತಿದ್ದಾಳೆ. ಇನ್ನೊಬ್ಬ, ದಿನಾ ತರಗತಿಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿಗೆ ಕಟ್ಟಿ ಓದುತ್ತಿದ್ದಾನೆ. ಕೊಟ್ರಮ್ಮ ಬಾಯಿ ತೆರೆದಳು, ಮಾತು ಬರಲಿಲ್ಲ. ಆವತ್ತು ಸೂರ್ಯ ಕೂಡ ಒಂದು ಗಳಿಗೆ ನಿಂತು ನೋಡಿದನಂತೆ.

ಸಾವರಿಸಿಕೊಂಡು, "ನಮ್ಮ ಹುಡುಗಿಗೆ ಕಂಪ್ಯೂಟರ್ ಅಂದ್ರೆ ಜೀವ ರೀ" ಅಂದಳು.

ಅಲ್ಲಿ ಕಲಿಸುವ ನಸೀಮಾ ಟೀಚರ್ ನಕ್ಕರು. "ಹೌದಾ ಅಮ್ಮ? ಅವಳು ಆಗಿಂದ ಓವನ್ ಮುಂದೆ ನಿಂತಿದಾಳಲ್ಲ?"

ಹಾಗೆ ಸಿಂಚನಾ ಆ ಕೇಂದ್ರದಲ್ಲೇ ಬೇಕರಿ ಕೆಲಸ ಕಲಿಯಲು ಸೇರಿದಳು. ಅಲ್ಲಿ ಒಂದೊಂದು ಕೆಲಸವನ್ನೂ ಚೂರು ಚೂರು ಮಾಡಿ, ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರು. ಟೋಪಿ ಹಾಕು. ಕೈ ತೊಳೆ. ತೂಕ ಮಾಡು. ಪ್ಯಾಕೆಟ್ ತುಂಬು. ಮಿಕ್ಸರ್ ತಿರುಗುವಾಗ ಹಾಕಿಕೊಳ್ಳಲು ಕಿವಿಗೆ ಮುಚ್ಚಳ ಕೊಟ್ಟರು. ಹುಡುಗಿ ಕಲಿತಳು, ತಪ್ಪಿದಳು, ಮತ್ತೆ ಕಲಿತಳು. ತಾಯಂದಿರು ಮಾತ್ರ ಅಂಗಳ ದಾಟಿ ಒಳಗೆ ಬರಬಾರದು.

ಒಂದು ದಿನ ಪೇಟೆಯ ಬೇಕರಿ ಯಜಮಾನ ರೇವಣ್ಣ ತನಗೆ ರಸ್ಕ್ ಪ್ಯಾಕ್ ಮಾಡುವವರು ಬೇಕು ಅಂತ ಹೇಳಿ ಕಳಿಸಿದ. ನಸೀಮಾ ಟೀಚರ್ ಅವನಿಗೆ ಮೊದಲೇ ತಿಳಿಸಿದರು: ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಆಮೇಲೆ ಕಾಯಿರಿ. ಕೊಟ್ರಮ್ಮನಿಗೂ ಹೇಳಿದರು: "ನೀವು ಅಲ್ಲಿ ತುಟಿ ಪಿಟಕ್ ಅನ್ನಬಾರ್ದು."

"ಅಯ್ಯೋ, ನಾನ್ಯಾಕೆ ಮಾತಾಡ್ಲಿ ಟೀಚರ್?" ಅಂತ ಮಾತು ಕೊಟ್ಟಳು ಕೊಟ್ರಮ್ಮ. ಮಾತಿಗೇನು, ಅವಳ ಹತ್ತಿರ ರಾಶಿ ಇತ್ತಲ್ಲ.

ತಾಯಿ ಮಗಳು ಬೇಕರಿಗೆ ಹೋದರು, ಕುಳಿತರು.

"ನಿನ್ ಹೆಸರೇನವ್ವ?" ಅಂದ ರೇವಣ್ಣ.

ಸಿಂಚನಾ ಫ್ಯಾನು ನೋಡಿದಳು. ಕೊಟ್ರಮ್ಮ ಮುಂದೆ ಬಾಗಿದಳು. "ಸಿಂಚನಾ ಅಂತ ರೀ."

"ಪ್ಯಾಕಿಂಗ್ ಬರ್ತದಾ?"

"ಭಾಳ ಚಲೋ ಮಾಡ್ತಾಳೆ ರೀ."

"ಇಲ್ಲಿ ತಿಂಡಿ ಒಳಗೆ ಯಾವ್ದು ಇಷ್ಟ?"

"ಬೆಣ್ಣೆ ಬಿಸ್ಕತ್ತು ರೀ. ಸಣ್ಣೋಳಿದ್ದಾಗಿಂದ ಅದೇ."

ರೇವಣ್ಣ ಎದ್ದು ಕೈ ಮುಗಿದ. "ಆತು, ನಾಳೆಯಿಂದ ಬರ್ರಿ."

ಕೊಟ್ರಮ್ಮ ಕುರ್ಚಿಯಿಂದ ಒಂದು ಮೊಳ ಮೇಲೆ ಹಾರಿದಳು. "ಎಷ್ಟು ಹೊತ್ತಿಗೆ ಕಳಿಸ್ಲಿ ಅಣ್ಣಾ?"

"ಕಳಿಸೋದೇನು, ನೀವೇ ಬರ್ರಿ. ಉತ್ತರ ಹೇಳಿದ್ದು ನೀವು, ಕೆಲಸ ಸಿಕ್ಕಿದ್ದೂ ನಿಮಗೇ. ಟೋಪಿ ಅಲ್ಲೈತೆ ನೋಡ್ರಿ."

ಕೊಟ್ರಮ್ಮನ ಮುಖ ಒಲೆಯ ಮೇಲಿನ ಹಂಚಾಯಿತು. ಮಗಳ ಕೆಲಸ ತನ್ನ ಬಾಯಿಂದಲೇ ಹೋಯಿತಲ್ಲ. "ಇನ್ನೊಂದು ಸಲ ಕೇಳಣ್ಣಾ, ನಿನಗೆ ಕೈ ಮುಗೀತೀನಿ. ಈ ಸಲ ಮಾತಾಡಿದ್ರೆ ಕೇಳು" ಅಂದಳು.

ರೇವಣ್ಣ ಡಬ್ಬಿಯಿಂದ ಕಲ್ಲಿನಂಥ ಒಂದು ರಸ್ಕ್ ತೆಗೆದು ಕೊಟ್ಟ. "ಇದನ್ನ ಬಾಯಾಗೆ ಇಟ್ಕೊಂಡು ಕುಂದ್ರು ಅಕ್ಕ. ಕಡೀಬ್ಯಾಡ."

ಇಟ್ಟುಕೊಂಡಳು. ರೇವಣ್ಣ ಮತ್ತೆ ಹೆಸರು ಕೇಳಿದ. ಸಿಂಚನಾ ಫ್ಯಾನು ನೋಡಿದಳು. ಕೊಟ್ರಮ್ಮನ ಕೆನ್ನೆ ಊದಿತು, ಕಣ್ಣು ಹೊರಗೆ ಬಂತು. ಅವಳ ಹೊಟ್ಟೆಯೊಳಗೆ ಮಾತು ಬಾಣಲೆಯ ಎಣ್ಣೆಯಂತೆ ಕುದಿಯಿತು. ರಸ್ಕ್ ನೆನೆಯಿತು. ಮೆತ್ತಗಾಯಿತು.

"ಸಿಂಚನಾ," ಅಂದಳು ಹುಡುಗಿ.

"ಏನು ಕಲ್ತಿದ್ದೀಯವ್ವ?"

ಮತ್ತೆ ಫ್ಯಾನು. ಮತ್ತೆ ರಸ್ಕ್. "ತೂಕ. ಪ್ಯಾಕಿಂಗ್. ಕ್ರೀಮ್ ಬರಲ್ಲ. ಮಿಕ್ಸರ್ ಹಾಕಿದ್ರೆ ಕಿವಿ ಮುಚ್ಚಳ ಬೇಕು."

"ಅದಕ್ಕೇನು, ಹಾಕ್ಕೋ. ಇಲ್ಲಿ ಯಾವ ತಿಂಡಿ ಇಷ್ಟ?"

ಈ ಸಲ ಭಾಳ ಹೊತ್ತು ಹಿಡಿಯಿತು. ಕೊಟ್ರಮ್ಮನ ಬಾಯಲ್ಲಿ ರಸ್ಕ್ ಗಂಜಿಯಾಗಿತ್ತು. ಆದರೂ ಸೆರಗು ಅದುಮಿಕೊಂಡು ಕುಳಿತಳು.

"ಖಾರಾ ಬನ್," ಅಂದಳು ಸಿಂಚನಾ. "ಬೆಣ್ಣೆ ಬಿಸ್ಕತ್ತು ಅಮ್ಮಂಗೆ ಇಷ್ಟ."

ರೇವಣ್ಣ ಬಿದ್ದು ಬಿದ್ದು ನಕ್ಕ. ಕೊಟ್ರಮ್ಮನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಎರಡೂ ರಸ್ಕಿನ ಜೊತೆ ಗಂಟಲಿಗೆ ಇಳಿದವು. ಮನೆಯ ಡಬ್ಬಿಗಳಲ್ಲಿ ಇಷ್ಟು ವರ್ಷ ತುಂಬಿಟ್ಟ ಬೆಣ್ಣೆ ಬಿಸ್ಕತ್ತೆಲ್ಲ ಕಣ್ಣ ಮುಂದೆ ಬಂದವು. ಈ ಮಗಳನ್ನು ಅವಳು ಆವತ್ತು ಮೊದಲ ಸಲ ಭೇಟಿಯಾದಳು. ಮಾರನೇ ದಿನ ಬೆಳಿಗ್ಗೆ ಸಿಂಚನಾ ಟೋಪಿ ಹಾಕಿಕೊಂಡು ಕೆಲಸಕ್ಕೆ ನಿಂತಳು. ತಾಯಿ ಬೇಕರಿಯ ಬಾಗಿಲ ತನಕ ಬಂದು ಹಿಂದಿರುಗಿದಳು.

ಈಗ ನಿಮ್ಮ ಸರದಿ. ಹಿಂದೆ ಕುಳಿತು ಕೊಟ್ರಮ್ಮನಿಗೆ ನಗುವವರು ಯಾರು? ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಮಗ ಇಲ್ಲವೇ, ಮಗಳು ಇಲ್ಲವೇ? ಹದಿನೆಂಟಾಯಿತು, ಶಾಲೆ ಮುಗಿಯಿತು, ಇನ್ನು ಟಿವಿ ಮುಂದೆ ಕೂರಿಸೋಣ ಅಂತ ತೀರ್ಮಾನ ಮಾಡಿದವರು ಯಾರು? ಆ ಮಗುವನ್ನು ಕೇಳಿದಿರಾ? ಓದುವ ದಾರಿ ಇದೆ, ಕೈಕೆಲಸ ಕಲಿಯುವ ದಾರಿ ಇದೆ. ಹೋಗಿ ವಿಚಾರಿಸಿ, ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ಅದು ಎಲ್ಲಿ ನಿಲ್ಲುತ್ತದೆ ನೋಡಿ. ಅಂಗಡಿ ಇಟ್ಟುಕೊಂಡಿರುವ ಅಣ್ಣಂದಿರೇ, ನೀವೂ ಒಬ್ಬರನ್ನು ಕರೆದು ಕೇಳಿ, ಕೇಳಿ ಕಾಯಿರಿ.

ಇವತ್ತು ಪ್ರಸಾದಕ್ಕೆ ಕಲ್ಲುಸಕ್ಕರೆ ಇಲ್ಲ, ರಸ್ಕ್ ತರಿಸಿದ್ದೇನೆ. ಇಲ್ಲಿ ತಿನ್ನಬೇಡಿ, ಮನೆಗೆ ಒಯ್ಯಿರಿ. ಮಗುವನ್ನು ಮುಂದೆ ಕೂರಿಸಿಕೊಂಡು "ನಿನಗೆ ಏನು ಕಲೀಬೇಕು?" ಅಂತ ಒಂದೇ ಒಂದು ಪ್ರಶ್ನೆ ಕೇಳಿ, ಕೂಡಲೇ ಇದನ್ನು ಬಾಯೊಳಗೆ ಇಟ್ಟುಕೊಳ್ಳಿ. ಉತ್ತರ ಮಾತಾಗೇ ಬರಬೇಕು ಅಂತಿಲ್ಲ, ಬೆರಳು ತೋರಿಸಿಯೂ ಬರಬಹುದು, ಕಣ್ಣು ಇಟ್ಟ ಕಡೆಯಿಂದಲೂ ಬರಬಹುದು.

ರಸ್ಕ್ ಪೂರ್ತಿ ಕರಗಿದರೂ ಉತ್ತರ ಬರಲಿಲ್ಲವಾ? ಇನ್ನೊಂದು ಇಟ್ಟುಕೊಳ್ಳಿ.