ಮಹಾಂತೇಶನ ಆರು ತಂತಿ ಬ್ಯಾಂಜೋ

ದೇವಸಮುದ್ರದಲ್ಲಿ ಗಣಪತಿ ಮುಂದೆ ಆರ್ಕೆಸ್ಟ್ರಾ ಮುಗಿದಾಗ ಊರೆಲ್ಲ ಮಲಗಿತ್ತು. ಪಾರ್ಟಿಯ ವ್ಯಾನು ಸ್ಪೀಕರು, ಡ್ರಮ್ಮು ತುಂಬ್ಕೊಂಡು ಚಳ್ಳಕೆರೆ ದಾರಿ ಹಿಡೀತು. ಹಿಂದೆ ಉಳಿದವರು ಇಬ್ಬರೇ. ಒಬ್ಬ ಚಿರಂಜೀವಿ, ನಮ್ಮ ಚಿಕ್ಕಮ್ಮ ಸೂರಮ್ಮನ ಮಗ, ಪಾರ್ಟಿಯ ಗಿಟಾರಿನವನು. ಅವನ ಹಟ್ಟಿ ಅಲ್ಲಿಂದ ನಡೆಯೋ ದಾರಿ. ಇನ್ನೊಬ್ಬ ಮಹಾಂತೇಶ, ಮೊಳಕಾಲ್ಮುರಿನ ನೇಕಾರರ ಬೀದಿಯವನು. ಅವನಿಗೆ ಬೆಳಗಿನ ತನಕ ಬಸ್ಸಿರಲಿಲ್ಲ. ನಮ್ಮನೇಲಿ ಮಲಗು ಬಾ ಅಂತ ಚಿರಂಜೀವಿನೇ ಕರೆದ. ಶೇಂಗಾ ಹೊಲದ ಬದು ಹಿಡಿದು ಇಬ್ಬರೂ ಹೊರಟರು.

ಇದು ತೊಂಬತ್ತೊಂಬತ್ತನೇ ಇಸವಿ ಮಾತು. ಚಿರಂಜೀವಿ ತನ್ನವ್ವನ ಮುಂದೆ ಅತ್ತು ಹೇಳಿದ್ದು. ಅವನವ್ವ ನಮ್ಮವ್ವನ ಹತ್ರ ಹೇಳಿದ್ಲು. ನಡುವೆ ಬೇರೆಯವರ ಬಾಯಿ ಬಿದ್ದಿಲ್ಲ.

ಚಿರಂಜೀವಿಯ ಗಿಟಾರು ವ್ಯಾನಲ್ಲೇ ಹೋಗಿತ್ತು. ಮಹಾಂತೇಶ ಮಾತ್ರ ತನ್ನ ಬ್ಯಾಂಜೋನ ಯಾವತ್ತೂ ವ್ಯಾನಿಗೆ ಹಾಕ್ತಿರಲಿಲ್ಲ. ಹೆಗಲಿಗೇ ಹಾಕ್ಕೊಂಡು ತಿರುಗ್ತಿದ್ದ. ನಮ್ಮ ಕಡೆ ಬ್ಯಾಂಜೋ ಅಂದ್ರೆ ಟೈಪ್‌ರೈಟರಿನಂಗೆ ಗುಂಡಿ ಒತ್ತಿ ಬಾರಿಸೋ ಮರದ ಪೆಟ್ಟಿಗೆ. ಇದು ಅದಲ್ಲ. ಇದಕ್ಕೆ ಜರಡಿಯಂಗೆ ದುಂಡನೆ ಮೈ, ಅದರ ಮೇಲೆ ಬಿಗಿದ ಮೇಕೆ ಚರ್ಮ, ಮೇಲೆ ಗಿಟಾರಿನ ಉದ್ದನೆ ಕತ್ತು. ಮಗ್ಗದ ಸದ್ದಲ್ಲಿ ಬೆಳೆದವನು ಮಹಾಂತೇಶ. ಅವನು ಬಾರಿಸ್ತಿದ್ದ ಗಿಟಾರು ಅವನ ಮನೇಲಿ ಅವನಿಗೇ ಕೇಳಿಸ್ತಿರಲಿಲ್ಲವಂತೆ. ಅದಕ್ಕೇ ಒಡೆದ ಗಿಟಾರಿನ ಕತ್ತು ತಂದು, ಹಳೇ ಡ್ರಮ್ಮಿನ ಬಳೆಗೆ ಕೂಡಿಸಿ, ತಾನೇ ಮಾಡ್ಕೊಂಡಿದ್ದ.

ಹೊರದೇಶದ ಅಸಲಿ ಬ್ಯಾಂಜೋಗೆ ಐದೇ ತಂತಿ ಅಂತೆ, ಅದನ್ನ ಮೊದಲಿಂದ ಕಲೀಬೇಕಂತೆ. ಇದಕ್ಕೆ ಆರು. ಗಿಟಾರಿನದೇ ತಂತಿ, ಗಿಟಾರಿನದೇ ಶ್ರುತಿ, ಅದೇ ಬೆರಳಿನ ಪಟ್ಟು. ಗಿಟಾರಿನವನು ಎತ್ಕೊಂಡ ಗಳಿಗೆಯಿಂದ್ಲೇ ಬಾರಿಸಬಹುದು. ಆದ್ರೆ ದನಿ ಬೇರೆ. ಗಿಟಾರು ಗುನುಗುತ್ತೆ, ಇದು ಚಟಚಟ ಅಂತ ಮಾತಾಡುತ್ತೆ. ಡೋಲು, ಕೀಬೋರ್ಡು, ಪಟಾಕಿ ಎಲ್ಲಾನೂ ಸೀಳ್ಕೊಂಡು ಹೋಗಿ ಕಡೇ ಸಾಲಿನಲ್ಲಿ ಕೂತ ಮುದುಕಿ ಕಿವೀಗೂ ಬೀಳುತ್ತೆ. ಜನ ಮಹಾಂತೇಶನ ಕಡೆ ತಿರುಗಿ ನೋಡೋರು. ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತ ಚಿರಂಜೀವಿ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಒಂದೆರಡು ಸಲ ಮಹಾಂತೇಶನೇ ಕೈಗೆ ಕೊಟ್ಟು ಬಾರಿಸೋಕೆ ಬಿಟ್ಟಿದ್ದ. ಅದೇ ತಪ್ಪಾಗಿದ್ದು. ತನ್ನ ಬೆರಳಿಂದ ಅಂಥಾ ದನಿ ಹೊರಟಿದ್ದು ಕೇಳಿದ ಮೇಲೆ ಚಿರಂಜೀವಿಗೆ ಗಿಟಾರು ರುಚಿಸಲಿಲ್ಲ. ಕೊಡು ಅಂದ. ಮಹಾಂತೇಶ ಕೊಡಲ್ಲ ಅಂದ. ಇನ್ನೊಂದು ಮಾಡ್ಕೊಡು ಅಂದ. ಅದಕ್ಕೆ ಮಹಾಂತೇಶ ನಕ್ಕುಬಿಟ್ಟ.

ಹಟ್ಟಿಗೆ ಹೋಗೋ ದಾರಿಯಲ್ಲಿ ಒಂದು ಹಾಳು ಕಪಿಲೆ ಬಾವಿ ಐತೆ. ಹಿಂದೆ ಎತ್ತು ಕಟ್ಟಿ ನೀರು ಸೇದ್ತಿದ್ದ ಬಾವಿ. ದಂಡೆ ಮೇಲೆ ಆಲದ ಮರ. ಅದರ ಬೇರು ಕಲ್ಲು ಸೀಳ್ಕೊಂಡು ಒಳಗೆ ಇಳಿದೈತೆ. ಮಹಾಂತೇಶನಿಗೆ ಬಾಯಾರಿತ್ತು. ಬ್ಯಾಂಜೋನ ಚಿರಂಜೀವಿ ಕೈಗೆ ಕೊಟ್ಟು, ಗೋಡೆಯಿಂದ ಹೊರಗೆ ಚಾಚಿದ ಮೆಟ್ಟಿಲುಗಲ್ಲಿನ ಮೇಲೆ ಇಳಿದ.

ಕರ್ರ್... ಅಂತ ಕಲ್ಲು ಅಲುಗಾಡಿದ ಸದ್ದು. ಆಮೇಲೆ ಕಲ್ಲು ನೀರಿಗೆ ಬಿದ್ದ ಸದ್ದು, ಧಡಂ. ಚಿರಂಜೀವಿ ಬಗ್ಗಿ ನೋಡಿದ. ಮಹಾಂತೇಶ ಆಲದ ಬೇರು ಹಿಡಿದು ನೇತಾಡ್ತಿದ್ದ. ಕೈ ಚಾಚಿದ್ರೆ ಸಿಗೋ ಅಷ್ಟು ಹತ್ರ.

"ಬ್ಯಾಂಜೋ ಕೆಳಗಿಡು," ಅಂದ. ಕೂಗಲಿಲ್ಲ. ಕೂಗೋಕೆ ಉಸಿರಿರಲಿಲ್ಲ. "ಕೈ ಕೊಡಲೇ."

ಚಿರಂಜೀವಿ ನಿಂತೇ ಇದ್ದ. ಬ್ಯಾಂಜೋ ಎದೆಗೆ ಒತ್ಕೊಂಡಿತ್ತು. ಇಡ್ತೀನಿ, ಈಗ ಇಡ್ತೀನಿ ಅಂದ್ಕೊಂಡನಂತೆ. ಕೈ ಸಡಿಲ ಆಗಲಿಲ್ಲ.

"ಕೈ ಕೊಡಲೇ, ಚಿರಂಜೀವಿ..."

ಪರ್ರ್... ಬೇರು ಹರೀತು. ನೀರು ಬಡಿದ ಸದ್ದು ಬಂತು. ನೇಕಾರರ ಬೀದಿ ಹುಡುಗ, ಈಜು ಬರ್ತಿರಲಿಲ್ಲ. ಅಂಗೈ ನೀರಿಗೆ ಬಡಿಯೋದು ಕೇಳಿಸ್ತಾನೇ ಇತ್ತು. ಪಟ್... ಪಟ್... ಪಟ್. ಆಮೇಲೆ ನಿಧಾನ ಆಯ್ತು. ಆಮೇಲೆ ಇಲ್ಲ.

ಓಡಿ ಹೋಗಿ ಹಟ್ಟಿಯವರನ್ನ ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ಮನೆಗೆ ಹೋಗಿ, ಬ್ಯಾಂಜೋನ ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಮಲಗಿದ. ನಿದ್ದೆ ಬಂತಂತೆ. ಅದನ್ನೇ ಹೇಳಿ ಬಹಳ ಅತ್ತನಂತೆ ಆಮೇಲೆ.

ಹೆಣ ತೇಲಿದಾಗ ನೋಡಿದ್ದು ಕುರಿ ಕಾಯೋ ಕ್ಯಾತಣ್ಣ. ಪೊಲೀಸರು ಕೇಳಿದ್ದಕ್ಕೆ ಚಿರಂಜೀವಿ, ಅವನು ನನ್ನ ಜೊತೆ ಬರಲಿಲ್ಲ, ಲಾರಿ ಹತ್ತುತೀನಿ ಅಂತ ಊರಲ್ಲೇ ಉಳಿದ ಅಂದ. ಕತ್ತಲಲ್ಲಿ ದಾರಿ ತಪ್ಪಿ ಬಿದ್ದಿರ್ಬೇಕು ಅಂತ ಎಲ್ಲರೂ ಅಂದ್ರು. ಮಹಾಂತೇಶನ ಹೆಂಡ್ತಿ ಗಂಗಲಕ್ಷ್ಮಿ ಒಂದೇ ಒಂದು ಮಾತು ಕೇಳಿದ್ಲು. ಬಿದ್ದಿದ್ರೆ ಬ್ಯಾಂಜೋನೂ ಬೀಳ್ಬೇಕಲ್ಲ, ಮರದ್ದು, ತೇಲ್ಬೇಕಲ್ಲ, ಎಲ್ಲಿ?

ಯುಗಾದಿ ಕಳೀತು. ಮದುವೆ ಕಾಲ ಬಂತು. ಚಿರಂಜೀವಿ ಬ್ಯಾಂಜೋನ ಅಟ್ಟದಿಂದ ಇಳಿಸಿ ಹೊಸ ಚರ್ಮ ಹಾಕಿಸಿದ, ಕತ್ತಿಗೆ ಕರೇ ಬಣ್ಣ ಬಳಿದ. ಬಳ್ಳಾರಿಯಲ್ಲಿ ಸಿಕ್ತು ಅಂತ ಪಾರ್ಟಿಯವರಿಗೆ ಹೇಳಿದ. ಅವರಿಗೇನು, ಮಹಾಂತೇಶನ ಜಾಗ ತುಂಬಿದ್ರೆ ಸಾಕಿತ್ತು. ಜನ ಈಗ ಚಿರಂಜೀವಿ ಕಡೆ ತಿರುಗಿ ನೋಡೋಕೆ ಶುರು ಮಾಡಿದ್ರು. ಅವನು ಹಿಗ್ಗಿದ. ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗೇ ಬಾರಿಸ್ತಿದ್ದ.

ಪರಶುರಾಂಪುರದ ಒಂದು ಮದುವೆಗೆ ಗಂಗಲಕ್ಷ್ಮಿ ನೆಂಟರ ಪೈಕಿ ಬಂದಿದ್ಲು. ಹಾಡಿನ ನಡುವೆ ಊಟದ ಬಿಡುವು ಬಿಟ್ಟಾಗ ಶಾಮಿಯಾನದ ಹಿಂದೆ ಬಂದ್ಲು. ಚಿರಂಜೀವಿ ಒಬ್ಬನೇ ಕೂತು ತಂತಿ ಬಿಗೀತಿದ್ದ. ಅವಳು ಏನೂ ಕೇಳಲಿಲ್ಲ. ಬಗ್ಗಿ ಬ್ಯಾಂಜೋ ಕತ್ತಿನ ಕೆಳಗೆ ಬೆರಳಾಡಿಸಿದ್ಲು. ಅಲ್ಲಿ ಒಂದು ಕಡೆ ಮರ ಬಿರುಕು ಬಿಟ್ಟಿತ್ತು. ಆ ಬಿರುಕಿನ ಮೇಲೆ ರೇಷ್ಮೆ ನೂಲು ಸುತ್ತಿತ್ತು. ಅದರ ಮೇಲೇ ಚಿರಂಜೀವಿ ಬಣ್ಣ ಬಳಿದಿದ್ದ.

"ಈ ನೂಲು ನಾನು ಸುತ್ತಿದ್ದು," ಅಂದ್ಲು ಮೆಲ್ಲಗೆ.

ಚಿರಂಜೀವಿ ಥಟ್ಟನೆ ಎದ್ದ. ಬ್ಯಾಂಜೋನ ಅವಳ ಮುಂದೆ ಹಿಡಿದ. ತಗೊಂಡು ಹೋಗಕ್ಕ ಅಂದ.

ಅವಳು ಎರಡು ಕೈನೂ ಸೆರಗಿನೊಳಗೆ ಇಟ್ಕೊಂಡ್ಲು. "ನನಗೆ ಬ್ಯಾಡ. ನೀನೇ ಇಟ್ಕೋ. ಅವರೇ ಬಂದು ಇಸ್ಕೊಳ್ಳಲಿ."

ಅಷ್ಟೇ. ಪೊಲೀಸರ ಹತ್ರಾನೂ ಹೋಗಲಿಲ್ಲ, ಊರಿಗೂ ಹೇಳಲಿಲ್ಲ. ಊಟಾನೂ ಮಾಡದೆ ಬಸ್ಸು ಹತ್ತಿದ್ಲು.

ಅವತ್ತೇ ಶುರುವಾಯ್ತು. ಚಿರಂಜೀವಿ ಮಲಗಿದ್ದ, ಬ್ಯಾಂಜೋ ಗೂಟಕ್ಕೆ ನೇತು ಹಾಕಿತ್ತು. ಟಪ್... ಚರ್ಮದ ಮೇಲೆ ನೀರು ತೊಟ್ಟಿಕ್ಕಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್... ಬ್ಯಾಟರಿ ಹಾಕಿ ನೋಡಿದ. ಮಾಳಿಗೆ ಒಣಗಿತ್ತು. ಚರ್ಮಾನೂ ಒಣಗಿತ್ತು. ಬ್ಯಾಟರಿ ಆರಿಸಿದ ತಕ್ಷಣ ದಪ್ಪ ತಂತಿ ತಾನೇ ನುಡೀತು... ಡೂಂ... ಆ ದನಿ ಸಾಯೋ ತನಕ ಉಸಿರು ಬಿಗಿ ಹಿಡಿದು ಮಲಗಿದ್ದ. ಬೆಳಿಗ್ಗೆ ಎದ್ದು ನೋಡಿದ್ರೆ ಆ ಬಿಸಿಲುಗಾಲದಲ್ಲೂ ಚರ್ಮ ನೆನೆದ ಹಪ್ಪಳದಂಗೆ ಜೋತು ಬಿದ್ದಿತ್ತು.

ಬಿಸಿಲಿಗಿಟ್ಟು ಒಣಗಿಸಿದ. ಗೂಟ ಬದಲಾಯಿಸಿದ. ತಾಯಿತ ಕಟ್ಟಿಸಿದ. ದಿನಾ ಬೆಳಿಗ್ಗೆ ಚರ್ಮ ಒದ್ದೆ. ಆದ್ರೂ ಬಿಡೋಕೆ ಮನಸ್ಸು ಬರಲಿಲ್ಲ. ಗಿಟಾರಿಗೆ ಮತ್ತೆ ಹೋಗೋದಾ? ಆ ಗುನುಗಿಗಾ? ಆಗಲಿಲ್ಲ ಅವನ ಕೈಲಿ.

ಚಳ್ಳಕೆರೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮ. ಜನ ತುಂಬಿತ್ತು. ಎರಡನೇ ಹಾಡಿಗೆ ಚಿರಂಜೀವಿ ಎಡಗೈ ಮೇಲೆ ಇನ್ನೊಂದು ಕೈ ಕೂತಂಗಾಯ್ತು. ತಣ್ಣಗೆ. ಅವನ ಒಂದೊಂದು ಬೆರಳಿನ ಮೇಲೂ ಒಂದೊಂದು ಬೆರಳು. ಅವು ಒತ್ತಿದ ಕಡೆ ಇವನ ಬೆರಳು ಹೋಯ್ತು. ತನಗೆ ಗೊತ್ತೇ ಇಲ್ಲದ ಪಟ್ಟು, ತನಗೆ ಬಾರದ ವೇಗ. ಜನ ಶಿಳ್ಳೆ ಹೊಡೆದ್ರು. ಹಾಡು ಮುಗೀತು. ಹಾಡೋನು ನಿಂತ, ಡ್ರಮ್ಮು ನಿಂತಿತು, ಚಿರಂಜೀವಿ ಕೈ ನಿಲ್ಲಲಿಲ್ಲ. ತಮಾಷೆ ಅಂದ್ಕೊಂಡು ಜನ ನಕ್ರು. ಆಮೇಲೆ ನಗು ನಿಂತಿತು. ಬೆರಳ ತುದಿ ಹರಿದು ತಂತಿ ಕೆಂಪಾಗಿತ್ತು. ಬಿಳೀ ಚರ್ಮದ ಮೇಲೆ ರಕ್ತದ ಹನಿ ಹಾರ್ತಿತ್ತು. ಯಾರೋ ಓಡಿ ಬಂದು ಮೈಕಿನ ವೈರು ಕಿತ್ತರು. ಸ್ಪೀಕರು ಸತ್ತಿತು. ಬ್ಯಾಂಜೋ ಸಾಯಲಿಲ್ಲ. ಕಡೇ ಸಾಲಿನ ತನಕ ಕೇಳಿಸ್ತಾನೇ ಇತ್ತು... ಆ ಕೈ ತಾನಾಗಿ ಎದ್ದು ಹೋಗೋ ತನಕ.

ಅವತ್ತು ರಾತ್ರಿನೇ ಚಿರಂಜೀವಿ ಕೈಗೆ ಬಟ್ಟೆ ಸುತ್ತಿಕೊಂಡು, ಅವ್ವನ ಕಾಲು ಹಿಡಿದು ಎಲ್ಲಾ ಹೇಳಿದ. ಚಿಕ್ಕಮ್ಮ, ಎಲ್ಲಿಂದ ತಂದೆಯೋ ಅಲ್ಲೇ ಇಟ್ಟು ಬಾ ಅಂದ್ಲು.

ಮಾರನೇ ದಿನ ಹೊತ್ತು ಮುಳುಗೋ ಹೊತ್ತಿಗೆ ಹೊರಟ. ಬಾವಿ ಹತ್ರ ಬರೋದ್ರೊಳಗೆ ಕತ್ತಲಾಯ್ತು. ಬೇಸಗೆ, ನೀರು ಪಾತಾಳಕ್ಕೆ ಇಳಿದಿತ್ತು. ಆಲದ ಎಲೆ ಅಲುಗಾಡ್ತಿರಲಿಲ್ಲ. ದಂಡೆ ಮೇಲೆ ನಿಂತು ಬ್ಯಾಂಜೋನ ಒಳಕ್ಕೆ ಬಿಟ್ಟ. ಬಿದ್ದ ಸದ್ದಿಗೆ ಕಾದ.

ಬರಲಿಲ್ಲ.

ಇನ್ನೂ ಕಾದ... ಏನೂ ಇಲ್ಲ. ಕಲ್ಲಿಗೆ ತಾಗಿದ್ದಿಲ್ಲ, ನೀರಿಗೆ ಬಿದ್ದಿದ್ದಿಲ್ಲ. ಯಾರೋ ಮೆಲ್ಲಗೆ ಕೈಯಲ್ಲಿ ಹಿಡ್ಕೊಂಡಂಗೆ.

ಆಮೇಲೆ ಕೆಳಗಿನಿಂದ ಒಂದೊಂದೇ ತಂತಿ ಮೀಟಿದ್ದು ಕೇಳಿಸ್ತು. ಡೂಂ... ಡಂ... ಟಂ... ಶ್ರುತಿ ನೋಡ್ಕೊಂತಿದ್ದಂಗೆ. ಆರೂ ಮುಗಿದ ಮೇಲೆ ಪಿಸುಮಾತು.

"ಕೈ ಕೊಡಲೇ."

ಓಡೋಣ ಅಂದ್ರೆ ಕಾಲು ಕಿತ್ತು ಇಡೋಕಾಗಲಿಲ್ಲ. ಮಹಾಂತೇಶಣ್ಣ, ತಪ್ಪಾಯ್ತು, ಬಿಟ್ಟುಬಿಡು ಅಂದ. ಒಳಗಿಂದ ಬೇರೆ ಮಾತು ಬರಲಿಲ್ಲ. ಅದೇ ಮಾತು, ಅಷ್ಟೇ ಮೆಲ್ಲಗೆ. ಕೋಪ ಇದ್ದಿದ್ರೆ ಒಳ್ಳೇದಿತ್ತು ಅಂತಿದ್ದನಂತೆ ಆಮೇಲೆ. ಕೊನೆಗೆ ಚಿರಂಜೀವಿ ದಂಡೆ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿದ. ಅವತ್ತು ಕೊಡದೇ ಇದ್ದ ಕೈನ ಒಳಗೆ ಚಾಚಿದ. ಎಡಗೈ.

ಹಿಡೀತು.

ಒಳಕ್ಕೆ ಎಳೀತದೆ, ಮುಗೀತು ಅಂದ್ಕೊಂಡ. ಎಳೀಲಿಲ್ಲ. ಆ ಕೈನ ತಗೊಂಡು ಹೋಗಿ ತಂತಿ ಮೇಲೆ ಇಟ್ಟಿತು. ಬೆರಳಡಿಗೆ ಆರೂ ತಂತಿ ಗೊತ್ತಾದ್ವು. ಕತ್ತಿನ ಹಿಂದೆ ರೇಷ್ಮೆ ನೂಲಿನ ಸುತ್ತು ಹೆಬ್ಬೆರಳಿಗೆ ತಾಗಿತು. ಒತ್ತೋದು ಇವನ ಕೈ, ಕೆಳಗೆ ಕತ್ತಲಲ್ಲಿ ಮೀಟೋದು ಇನ್ನೊಂದು ಕೈ. ಬೆಳಗಾಗೋ ತನಕ ಬಾವಿಯೊಳಗೆ ಬ್ಯಾಂಜೋ ನುಡೀತು. ಇವನ ಹರಿದ ಬೆರಳು ಮತ್ತೆ ಹರಿದ್ವು. ಬಿಡು ಅಂದಾಗೆಲ್ಲ ಹಿಡಿತ ಬಿಗಿಯಾಯ್ತು. ಹಟ್ಟಿಯ ಜನಕ್ಕೂ ಕೇಳಿಸಿತ್ತು. ಎಲ್ಲೋ ದೂರದ ಮದುವೆ ಅಂದ್ಕೊಂಡು ಮಗ್ಗುಲು ಬದಲಾಯಿಸಿದ್ರು.

ಬೆಳಿಗ್ಗೆ ಕುರಿ ಹೊಡ್ಕೊಂಡು ಬಂದ ಕ್ಯಾತಣ್ಣನೇ ಅವನನ್ನ ನೋಡಿದ್ದು. ಎಡಗೈ ಬಾವಿಯೊಳಗೆ ಜೋತು ಬಿದ್ದಿತ್ತು. ನೀರು ಎಷ್ಟೋ ಆಳುದ್ದ ಕೆಳಗಿತ್ತು, ಆದ್ರೂ ಮೊಣಕೈ ತನಕ ಒದ್ದೆ. ಎತ್ತಿ ಕೂರಿಸಿದ. ಅಂಗೈ ಅಡ್ಡಕ್ಕೆ ಆರು ಗೀರು, ನೂಲು ಹಿಡಿದು ಎಳೆದಂಗೆ ನೆಟ್ಟಗೆ. ಚಿತ್ರದುರ್ಗದ ಡಾಕ್ಟ್ರು ನರದ ತೊಂದ್ರೆ ಅಂದ್ರು. ಆ ಕೈ ಮತ್ತೆ ಮಡಚಲಿಲ್ಲ. ಯಾರನ್ನೋ ಏನೋ ಕೇಳ್ತಿರೋ ಹಂಗೆ ಬಿಚ್ಚಿಕೊಂಡೇ ಐತೆ ಈಗಲೂ.

ಹಟ್ಟಿಯವರು ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಬಿಟ್ಟು ಬಾವಿಯೆಲ್ಲ ಗೋರಿದ್ರು. ಕೆಸರು ಬಂತು, ಒಂದು ತೂತು ಕೊಡ ಬಂತು. ಬ್ಯಾಂಜೋ ಸಿಗಲಿಲ್ಲ.

ಚಿಕ್ಕಮ್ಮ ಮೊಳಕಾಲ್ಮುರಿಗೆ ಹೋಗಿ ಗಂಗಲಕ್ಷ್ಮಿ ಮನೆ ಬಾಗಿಲಲ್ಲಿ ಕೂತಳು. ನಡೆದಿದ್ದೆಲ್ಲ ಹೇಳಿ, ಒಂದು ಮಾತು ಕ್ಷಮಿಸಿದೆ ಅನ್ನವ್ವ ಅಂದ್ಲು. ಗಂಗಲಕ್ಷ್ಮಿ ಮಗ್ಗ ನಿಲ್ಲಿಸಲಿಲ್ಲ. ಲಟಕ್, ಪಟಕ್... ಲಟಕ್, ಪಟಕ್. ನೇಯ್ತಾ ನೇಯ್ತಾನೇ ಕೇಳಿದ್ಲು.

"ಜೀವ ಐತಾ?"

"ಐತೆ ತಾಯಿ."

"ಇರ್ಲಿ. ಬಹಳ ದಿನ ಇರ್ಬೇಕು."

ಚಿರಂಜೀವಿ ಪಾರ್ಟಿ ಬಿಟ್ಟ. ಈಗ ಮನೆ ಕುರಿ ನೋಡ್ಕೊಂಡು ಇದಾನೆ. ಮೇಯಿಸ್ತಾನೆ, ರೊಪ್ಪಕ್ಕೆ ಕೂಡ್ತಾನೆ, ಕುರಿ ಅವನ ದನಿಗೆ ಬರ್ತವೆ. ಆದ್ರೆ ನೀರು ಮಾತ್ರ ಅವನ ತಂಗಿ ನಿರ್ಮಲಾನೇ ತುಂಬಿಸ್ಬೇಕು. ಅವನು ತುಂಬಿಸಿದ ತೊಟ್ಟಿಗೆ ಒಂದು ಮರಿನೂ ಬಾಯಿ ಹಾಕಲ್ಲ. ಹೋದ ಬೇಸಗೇಲಿ ನಾನೇ ನಿಂತು ನೋಡಿದೀನಿ. ಅಷ್ಟು ಬಿಸಿಲು, ನಾಲಿಗೆ ಹೊರಗೆ ಬಿದ್ದಿತ್ತು ಅವಕ್ಕೆ... ತೊಟ್ಟಿ ಸುತ್ತ ನಿಂತ್ಕೊಂಡು ನೀರನ್ನೇ ನೋಡ್ತಿದ್ವು.