ನಲವತ್ತು ಗ್ರಾಮಿನ ಕ್ಲಿಪ್ಪು

ಮಾನ್ಯ ಅಧ್ಯಕ್ಷರೇ, ನಾಳೆ ಬೆಳಿಗ್ಗೆ ನಮ್ಮ ಮೊದಲ ಯಂತ್ರವನ್ನು ಹಾರಿಸಿಕೊಂಡು ಹೋಗಲಿರುವ ವಾಯುಪಡೆಯ ಅತಿಥಿಗಳೇ, ಹದಿನೆಂಟು ವರ್ಷ ನನ್ನ ಬೈಗುಳ ತಿಂದೂ ಇವತ್ತು ನಗುನಗುತ್ತ ಕುಳಿತಿರುವ ಕಾರ್ಖಾನೆಯ ಗೆಳೆಯರೇ, ಅವರ ಮನೆಯವರೇ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತಿರುವ ಸಭಿಕರೇ,

ಈಗ ತಾನೇ ಓದಿದ ಅಭಿನಂದನಾ ಪತ್ರವನ್ನು ಕೇಳಿದೆ. ಇಷ್ಟೆಲ್ಲ ಮಾಡಿದವನು ನಾನೊಬ್ಬನೇ ಆದರೆ ಉಳಿದ ಮುನ್ನೂರು ಜನ ಇಷ್ಟು ವರ್ಷ ಏನು ಮಾಡುತ್ತಿದ್ದರು? ಕ್ಯಾಂಟೀನಿನಲ್ಲಿ ಕುಳಿತಿದ್ದರೇ? ಕೆಲವರು ಕುಳಿತಿದ್ದರು, ಅವರ ಹೆಸರೂ ನನಗೆ ಗೊತ್ತು, ಇವತ್ತು ಹೇಳುವುದಿಲ್ಲ.

ಹೆಮ್ಮೆಯಿಲ್ಲ ಎಂದು ಮಾತ್ರ ನಾನು ಸುಳ್ಳು ಹೇಳಲಾರೆ. ಮೂರು ಎಂಜಿನ್ನು, ಏಳು ರೆಕ್ಕೆ, ಹೊಟ್ಟೆಯ ಕೆಳಗಿನ ಕೊಕ್ಕೆಗಳಲ್ಲಿ ಹದಿನಾರು ಟನ್ ಭಾರ. ರಸ್ತೆಯಿಲ್ಲದ ಬೆಟ್ಟಕ್ಕೆ ಒಂದು ಫಿರಂಗಿಯನ್ನು ಇಡಿಯಾಗಿ ಎತ್ತಿಕೊಂಡು ಹೋಗಿ ಇಡುವ ಹೆಲಿಕಾಪ್ಟರು ಇದು. ಹಳೆಯ ಯಂತ್ರಕ್ಕೆ ಒಂದೇ ಕೊಕ್ಕೆಯಿತ್ತು. ಸಾಮಾನು ಗಾಳಿಗೆ ಬುಗುರಿಯಂತೆ ಸುತ್ತತೊಡಗಿದರೆ ಪೈಲಟ್ಟು ಅದನ್ನು ಕೆಳಗೆ ಬಿಟ್ಟು ಜೀವ ಉಳಿಸಿಕೊಳ್ಳಬೇಕಿತ್ತು. ಇದಕ್ಕೆ ಮೂರು ಕೊಕ್ಕೆ. ಭಾರವನ್ನು ಮುಂದೊಂದು ಹಿಂದೊಂದು ಹಿಡಿದರೆ ಅದು ಅಲುಗುವುದಿಲ್ಲ. ಧೂಳು ಎದ್ದು ನೆಲವೇ ಕಾಣದಿದ್ದರೂ ಕಂಪ್ಯೂಟರು ಯಂತ್ರವನ್ನು ನಿಂತಲ್ಲೇ ನಿಲ್ಲಿಸುತ್ತದೆ. ಮೊದಲ ಸಲ ಕೈ ಬಿಟ್ಟು ನೋಡಿದ ನಮ್ಮ ಪರೀಕ್ಷಾ ಪೈಲಟ್ಟು ಕೆಳಗಿಳಿದು ಬಂದು, ಹಾಗಾದರೆ ನಾಳೆಯಿಂದ ನಾನು ಯಾಕೆ ಬರಬೇಕು ಎಂದು ಕೇಳಿದ್ದರು.

ಇದರಲ್ಲಿ ನನ್ನ ಪಾಲು ತೂಕ. ಒಂದೊಂದು ಬಿಡಿಭಾಗವೂ ನನ್ನ ವಿಭಾಗದ ತಕ್ಕಡಿ ಹತ್ತಿಯೇ ಒಳಗೆ ಹೋಗಬೇಕು. ನನ್ನ ಬೆನ್ನ ಹಿಂದೆ ನೀವು ನನ್ನನ್ನು 'ತಕ್ಕಡಿ' ಎಂದು ಕರೆಯುತ್ತೀರಿ ಎಂಬುದೂ ಗೊತ್ತು. ಕರೆಯಿರಿ. ಯಂತ್ರದ ಮೈ ಒಂದು ಕಿಲೋ ಹೆಚ್ಚಾದರೆ ಅದು ಹೊರುವ ಭಾರ ಒಂದು ಕಿಲೋ ಕಡಿಮೆ. ಮೂಗಿಗಿಂತ ಮೂಗುತಿ ಭಾರವಾದರೆ ಆಗುತ್ತದೆಯೇ? ಬಣ್ಣವನ್ನೂ ತೂಗಿದ್ದೇನೆ, ಅಂಟನ್ನೂ ತೂಗಿದ್ದೇನೆ. ನಾನೂರು ಕಿಲೋ ಇಳಿಸಿದ್ದೇವೆ ಎಂದು ಪತ್ರದಲ್ಲಿ ಓದಿದರಲ್ಲ, ಅದು ನಿಜ. ಅದಕ್ಕೆ ನೀವು ತಟ್ಟಿದ ಚಪ್ಪಾಳೆಯನ್ನು ಪೂರ್ತಿ ತೆಗೆದುಕೊಳ್ಳುತ್ತೇನೆ.

ಆದರೆ ನಾಲ್ಕನೇ ಸಾಲಿನಲ್ಲಿ ಒಂದು ಕ್ಲಿಪ್ಪಿನ ಮಾತು ಬಂತು. 'ತಮ್ಮ ಸೂಕ್ಷ್ಮ ದೃಷ್ಟಿಯಿಂದ ಇವರು ರೂಪಿಸಿದ ಕ್ಲಿಪ್ಪು' ಎಂದು ಓದಿದರು. ಮನೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಎರಡು ಎಣ್ಣೆಯ ಪೈಪುಗಳು ಹಾದುಹೋಗುತ್ತವೆ. ಯಂತ್ರ ನಿಂತಿರುವಾಗ ಅವುಗಳ ನಡುವೆ ಒಂದು ಬೆರಳು ಜಾಗವಿರುತ್ತದೆ. ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಲ್ಲವೂ ನಡುಗಿ ಒಂದು ಪೈಪು ಇನ್ನೊಂದನ್ನು ಉಜ್ಜುತ್ತದೆ. ಉಜ್ಜದಂತೆ ದೂರ ಹಿಡಿಯುವುದು ಆ ಕ್ಲಿಪ್ಪು. ತೂಕ ನಲವತ್ತು ಗ್ರಾಂ.

ಅದು ನನ್ನದಲ್ಲ. ನನ್ನ ಭಾವನದು.

ಹಳಬರಿಗೆ ಅವರು ಗೊತ್ತು. ಅಕ್ಕನ ಗಂಡ, ಪೈಪು ವಿಭಾಗದ ಫಿಟ್ಟರು. ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಕಾಯಿಲೆ ಹೇಳುತ್ತಿದ್ದ ಮನುಷ್ಯ. ನಾನು ಈ ಕಾರ್ಖಾನೆಗೆ ಮೊದಲು ಬಂದದ್ದೇ ಅವರ ಸೈಕಲ್ಲಿನ ಹಿಂದೆ ಕುಳಿತು. ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದು, ಅಕ್ಕ ಬಡಿಸಿದ್ದನ್ನು ಉಂಡು, ಸಂಜೆ ಕಾಲೇಜಿನಲ್ಲಿ ಓದಿ ನಾನು ಆಫೀಸರಾದೆ. ಅವರು ಫಿಟ್ಟರಾಗಿಯೇ ಉಳಿದರು. ಶೆಡ್ಡಿನಲ್ಲಿ ನನ್ನನ್ನು ಸಾರ್ ಎನ್ನುತ್ತಿದ್ದರು, ಮನೆಗೆ ಬಂದರೆ 'ಏನೋ' ಎನ್ನುತ್ತಿದ್ದರು. ಎರಡೂ ನನಗೆ ಇಷ್ಟವಾಗಿತ್ತು.

ಹನ್ನೊಂದು ವರ್ಷದ ಹಿಂದೆ ಈ ಮೊದಲ ಯಂತ್ರದಲ್ಲಿ ಭಾವ ಒಂದು ಕ್ಲಿಪ್ಪು ಹಾಕಿದರು. ನಕ್ಷೆಯಲ್ಲಿ ಅದು ಇರಲಿಲ್ಲ. ನಕ್ಷೆಯಲ್ಲಿಲ್ಲದ್ದನ್ನು ಹಾಕಿದರೆ ಆಫೀಸರೊಬ್ಬ ಅದನ್ನು ಕಾಗದದಲ್ಲಿ ಬರೆಯಬೇಕೆಂಬುದು ನಮ್ಮ ನಿಯಮ. ಒಂದು ವಾರದ ನಂತರ ವಿನ್ಯಾಸದ ಮುಖ್ಯಸ್ಥರು ನಕ್ಷೆ ಹಿಡಿದು ತಪಾಸಣೆಗೆ ಬಂದಾಗ ಟಾರ್ಚಿನ ಬೆಳಕಿಗೆ ಅದು ಸಿಕ್ಕಿತು. ಇದು ಯಾರದು ಎಂದು ಎಲ್ಲರೆದುರು ಕೇಳಿದರು. ತನ್ನದೇ ಎಂದು ಭಾವ ಕೈಯೆತ್ತಿದರು. ಆಮೇಲೆ ವರದಿ ಬರೆದವನು ನಾನು. 'ಯಾರಿಗೂ ತಿಳಿಸದೆ ಅನಧಿಕೃತ ಭಾಗವನ್ನು ಅಳವಡಿಸಿದ್ದಾರೆ' ಎಂದು ಬರೆದೆ. ಅದು ನಿಯಮ, ನಾನು ನಿಯಮ ಪಾಲಿಸಿದೆ, ಯಾರಾಗಿದ್ದರೂ ಹಾಗೇ...

ಇಲ್ಲ, ಕ್ಷಮಿಸಿ. ಇಷ್ಟು ವರ್ಷ ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿದೆ.

ಯಾರಿಗೂ ತಿಳಿಸದೆ ಅಲ್ಲ. ನನಗೆ ತಿಳಿಸಿದ್ದರು. ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಇಬ್ಬರೂ ಊಟಕ್ಕೆ ಕುಳಿತಿದ್ದಾಗ, "ಆ ಎರಡು ಪೈಪು ಒಂದಕ್ಕೊಂದು ತಾಗ್ತಾವೆ ಕಣೋ, ಒಂದು ಕ್ಲಿಪ್ ಹಾಕಿದೀನಿ, ನೀನು ಕಾಗದ ಮಾಡಿಬಿಡು" ಎಂದರು. ನಾನು "ಹೂಂ, ನಾಳೆ ಬರೀತೀನಿ" ಎಂದು ತುತ್ತು ಬಾಯಿಗಿಟ್ಟೆ. ಕಾರ್ಖಾನೆಯ ಮಾತನ್ನು ತಟ್ಟೆಯ ಮುಂದೆ ಮುಗಿಸಿಬಿಡುವುದು ನಮ್ಮ ಮನೆಯ ಅಭ್ಯಾಸ. ಆ ನಾಳೆ ಬರಲೇ ಇಲ್ಲ. ಮುಖ್ಯಸ್ಥರು ಕೇಳಿದಾಗ ನಾನು ಮರೆತಿರಲಿಲ್ಲ. ಚೆನ್ನಾಗಿ ನೆನಪಿತ್ತು. ನನ್ನ ಬಡ್ತಿಯ ಪತ್ರ ಅವರ ಮೇಜಿನ ಮೇಲಿತ್ತು, ಅದೂ ನೆನಪಿತ್ತು. ಭಾವ ಒಂದು ಸಲ ನನ್ನ ಮುಖ ನೋಡಿದರು. ನಾನು ನಕ್ಷೆ ನೋಡಿದೆ.

ನಮ್ಮಲ್ಲಿ ಪ್ರತಿ ಫಿಟ್ಟರಿಗೂ ನಂಬರಿನ ಮುದ್ರೆಯಿರುತ್ತದೆ. ಮಾಡಿದ ಕೆಲಸಕ್ಕೆ ಅದನ್ನು ಒತ್ತಿದರೆ ಆ ಕೆಲಸಕ್ಕೆ ಅವರೇ ಜವಾಬ್ದಾರರು. ಭಾವನ ಮುದ್ರೆಯನ್ನು ಕಿತ್ತುಕೊಂಡರು. ಮೂವತ್ತು ವರ್ಷ ಪೈಪು ಹಿಡಿದವರನ್ನು ಉಗ್ರಾಣಕ್ಕೆ ಹಾಕಿ ಕೈಗವಸು ಹಂಚಲು ಕೂರಿಸಿದರು. ಕ್ಲಿಪ್ಪು ಬಿಚ್ಚಿದವನೂ ನಾನೇ. ನಲವತ್ತು ಗ್ರಾಂ ಉಳಿಯಿತು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಯಂತ್ರವನ್ನು ನೆಲಕ್ಕೆ ಕಟ್ಟಿ ಪೂರ್ತಿ ಶಕ್ತಿಯಲ್ಲಿ ಓಡಿಸಿದ ಅರವತ್ತನೇ ಗಂಟೆಗೆ ಪೈಪು ಸವೆದು ತೂತಾಯಿತು, ಕುದಿಯುವ ಎಣ್ಣೆ ಗೋಡೆಗೆ ಹಾರಿತು. ಯಾರಿಗೂ ಏನೂ ಆಗಲಿಲ್ಲ. ಕೆಲಸ ನಾಲ್ಕು ತಿಂಗಳು ನಿಂತಿತು. ಆಗ ನಾನು ಅದೇ ಕ್ಲಿಪ್ಪನ್ನು ನಕ್ಷೆಯಲ್ಲಿ ಬರೆದು ಕೆಳಗೆ ಸಹಿ ಮಾಡಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರಾದದ್ದು ಭಾವನ ಕೈ, ಮೊಸರು ಬಿದ್ದದ್ದು ನನ್ನ ಬಾಯಿಗೆ.

ಮುದ್ರೆ ಕಿತ್ತುಕೊಂಡ ದಿನ ಮನೆಯಲ್ಲಿ ಭಾವ ಎಂದಿನಂತೆ ಊಟಕ್ಕೆ ಕುಳಿತರು. ಅಕ್ಕ ಒಂದೇ ಮಾತು ಆಡಿದಳು. "ಅವತ್ತು ಬಡಿಸ್ತಾ ನಾನೂ ಅಲ್ಲೇ ನಿಂತಿದ್ದೆ ಕಣೋ" ಎಂದಳು. ಮರುವಾರವೇ ನಾನು ಮಹಡಿಯ ಕೋಣೆ ಖಾಲಿ ಮಾಡಿದೆ.

ಹೋದ ವಾರ ಈ ಸಮಾರಂಭದ ಆಹ್ವಾನ ಹಿಡಿದು ಅವರ ಮನೆಗೆ ಹೋಗಿದ್ದೆ. ಅಕ್ಕ ಕೂತ್ಕೋ ಎನ್ನಲಿಲ್ಲ. ಭಾವ ಕನ್ನಡಕ ಹಾಕಿಕೊಂಡು ಆಹ್ವಾನವನ್ನು ಪೂರ್ತಿ ಓದಿ, "ಆ ಪೈಪು ಈಗ ಉಜ್ಜಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದೆ. "ಅಷ್ಟು ಸಾಕು ಬಿಡು" ಎಂದರು. ಇವತ್ತು ಇಬ್ಬರೂ ಬಂದಿಲ್ಲ. ಯಾಕೆ ಬರಬೇಕು?

ಅಧ್ಯಕ್ಷರೇ, ಗಡಿಯಾರ ನೋಡುತ್ತಿದ್ದೀರಿ, ಇನ್ನೆರಡೇ ನಿಮಿಷ. ಮೊದಲ ಯಂತ್ರದ ಬಾಗಿಲ ಒಳಗೆ, ಅದನ್ನು ಕಟ್ಟಿದವರ ಹೆಸರು ಕೊರೆದ ತಗಡೊಂದನ್ನು ನಾಳೆ ಬೆಳಿಗ್ಗೆ ಕೂರಿಸುತ್ತೇವೆ. ಮುದ್ರೆ ಕಳೆದುಕೊಂಡವರ ಹೆಸರು ಅದರಲ್ಲಿ ಬರುವಂತಿಲ್ಲ. ವರದಿ ಬರೆದವನೇ ಅದನ್ನು ಸುಳ್ಳೆಂದು ಒಪ್ಪಿ ಹಿಂದಕ್ಕೆ ಪಡೆದರೆ ಮಾತ್ರ ಮುದ್ರೆ ವಾಪಸು. ಆ ಪತ್ರ ನನ್ನ ಕೈಯಲ್ಲಿದೆ. ಇದನ್ನು ಬರೆದು ನಾಲ್ಕು ವರ್ಷವಾಯಿತು. ಪ್ರತಿ ವರ್ಷ ತಾರೀಕು ತಿದ್ದಿ ಮತ್ತೆ ಡ್ರಾಯರಿಗೆ ಹಾಕುತ್ತಿದ್ದೆ, ಈ ಗೀಚು ನೋಡಿ. ಹೆದರಿಕೆ, ಬೇರೇನೂ ಅಲ್ಲ. ನಾಳೆ ಯಂತ್ರ ಹೊರಟುಹೋಗುತ್ತದೆ, ತಿಂಗಳ ಕೊನೆಗೆ ನಾನೂ ನಿವೃತ್ತನಾಗುತ್ತೇನೆ. ಇದನ್ನು ನಿಮ್ಮ ಕೋಣೆಯಲ್ಲಿ ಕೊಟ್ಟರೆ ಕಡತದಲ್ಲಿ ಹೂತುಹೋಗುತ್ತದೆ, ಬಾಯಲ್ಲಿ ಹೇಳಿದರೆ ಏನಾಗುತ್ತದೆ ಎಂಬುದನ್ನು ಈಗಷ್ಟೇ ಕೇಳಿದಿರಿ. ಆದ್ದರಿಂದ 'ಸ್ವೀಕರಿಸಿದ್ದೇನೆ' ಎಂದು ಬರೆದು ಇಲ್ಲೇ ಸಹಿ ಮಾಡಿ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ. ಸಹಿ ಬೀಳುವವರೆಗೆ ಮೈಕು ಬಿಟ್ಟು ನಾನು ಇಳಿಯುವುದಿಲ್ಲ.

ಇನ್ನೊಂದು ಹೆಸರು ಸೇರಿಸಿದರೆ ತೂಕ ಹೆಚ್ಚುತ್ತದೆ ಎಂದು ಯಾರಾದರೂ ತಕರಾರು ತೆಗೆದಾರು. ಇಲ್ಲ ಸ್ವಾಮಿ, ಲೆಕ್ಕ ಹಾಕಿದ್ದೇನೆ. ಹೆಸರು ಕೊರೆದರೆ ತಗಡು ಅಷ್ಟು ಕರಗುತ್ತದೆ, ಯಂತ್ರ ಹಗುರಾಗುತ್ತದೆ.

ಪೆನ್ನು ಬೇಕೇ? ತೆಗೆದುಕೊಳ್ಳಿ.

ಸಹಿ ಬಿತ್ತು. ತಾರೀಕನ್ನೂ ಹಾಕಿದ್ದಾರೆ.

ಅಭಿನಂದನಾ ಪತ್ರವನ್ನು ನಾಲ್ಕನೇ ಸಾಲು ತಿದ್ದಿದ ಮೇಲೆ ಕೊಡಿ, ಆಗ ಸಂತೋಷದಿಂದ ಒಯ್ಯುತ್ತೇನೆ. ನಿಮ್ಮ ಜೊತೆ ಊಟಕ್ಕೆ ನಿಲ್ಲಲಾರೆ, ಅಕ್ಕನ ಮನೆಗೆ ಹೋಗಿ ಸಹಿ ಬಿದ್ದ ಈ ಪತ್ರದ ಪ್ರತಿಯನ್ನು ಓದಿ ಹೇಳಬೇಕು. ಅಕ್ಕ ಕೂತ್ಕೋ ಎಂದರೆ ಕೂತು ಓದುತ್ತೇನೆ, ಅನ್ನದಿದ್ದರೆ ನಿಂತೇ ಓದುತ್ತೇನೆ. ನಡುವೆ ಯಾರೂ ಎದ್ದುಹೋಗದೆ ಕೇಳಿದಿರಿ, ನಿಮಗೆಲ್ಲ ನಾನು ಋಣಿ. ನಮಸ್ಕಾರ.